ಚಿಂತೆಯನ್ನು ದೇವರ ಮುಂದೆ ಬಿಚ್ಚಿಡುವುದು ಹೇಗೆ? ದಿನನಿತ್ಯದ ಬೈಬಲ್ ಧ್ಯಾನಕ್ಕೊಂದು ಮಾರ್ಗದರ್ಶಿ

“ದಿನಾಲೂ ಬೈಬಲ್ ಓದುತ್ತೇನೆ, ಪ್ರಾರ್ಥನೆಯನ್ನೂ ತಪ್ಪಿಸುವುದಿಲ್ಲ. ಆದರೂ ಕಂಪನಿಯ ಮಾನವ ಸಂಪನ್ಮೂಲ ವಿಭಾಗದಿಂದ ಮೇಲ್ ಬಂದರೆ ಸಾಕು, ಕೈಕಾಲು ತಣ್ಣಗಾಗುತ್ತವೆ. ನನ್ನಲ್ಲಿ ನಂಬಿಕೆಯೇ ಇಲ್ಲವೇ?” ಈ ಪ್ರಶ್ನೆ ಓದುಗರಿಂದ ಮತ್ತೆ ಮತ್ತೆ ಬರುತ್ತಲೇ ಇದೆ. ಮೇಲ್‌ನ ಜಾಗದಲ್ಲಿ ಕೆಲವರಿಗೆ ಸ್ಕ್ಯಾನ್ ವರದಿ ಇರುತ್ತದೆ, ಕೆಲವರಿಗೆ ಮನೆ ಖಾಲಿ ಮಾಡಿ ಎಂಬ ಮಾಲೀಕರ ಮಾತು, ಇನ್ನು ಕೆಲವರಿಗೆ ಮಗಳ ಪಿಯುಸಿ ಫಲಿತಾಂಶ.

ಕೈಕಾಲು ತಣ್ಣಗಾಗುವುದನ್ನು ಅಪನಂಬಿಕೆಯ ಲೆಕ್ಕಕ್ಕೆ ಹಾಕಬೇಡಿ. ಯಾವುದಕ್ಕೂ ಚಿಂತಿಸಬೇಡಿ ಎಂದು ಫಿಲಿಪ್ಪಿ ಪಟ್ಟಣದ ಕ್ರೈಸ್ತರಿಗೆ ಕಳುಹಿಸಿದ ಪತ್ರದ ನಾಲ್ಕನೇ ಅಧ್ಯಾಯದಲ್ಲಿ ಬರೆದ ಅಪೊಸ್ತಲ ಪೌಲನೇ, ಅದೇ ಪತ್ರದ ಎರಡನೇ ಅಧ್ಯಾಯದಲ್ಲಿ ತನ್ನ ಅಳಲನ್ನೂ ಮುಚ್ಚಿಡದೆ ಬರೆದಿದ್ದಾನೆ. ಸಾವಿನ ಅಂಚಿಗೆ ಹೋಗಿ ಬಂದ ಜೊತೆಗೆಲಸದವ ಎಪಫ್ರೊದೀತನನ್ನು ನಿಮ್ಮ ಬಳಿಗೆ ಕಳುಹಿಸಿದರೆ ನನ್ನ ಸಂಕಟ ಸ್ವಲ್ಪ ಇಳಿದೀತು ಎನ್ನುತ್ತಾನೆ. ಬರೆಯುವಾಗ ಅವನು ಸೆರೆಯಲ್ಲಿದ್ದ. ಕೀರ್ತನೆ 56ರ ಮೂರನೇ ವಚನವೂ ಹೆದರಿಕೆಯೇ ಆಗುವುದಿಲ್ಲ ಎನ್ನುವುದಿಲ್ಲ. ಹೆದರಿಕೆಯಾದಾಗ ನಿನ್ನಲ್ಲಿ ಭರವಸೆ ಇಡುತ್ತೇನೆ ಎನ್ನುತ್ತದೆ. ಹಾಗೆ ದೇವರ ಕಡೆಗೆ ತಿರುಗುವುದು ಅಭ್ಯಾಸದಿಂದ ಬರುವಂಥದ್ದು. ಆ ಅಭ್ಯಾಸಕ್ಕೆ ದಿನಕ್ಕೆ ಇಪ್ಪತ್ತು ನಿಮಿಷ ಸಾಕಾಗುವ ಕ್ರಮವೊಂದನ್ನು ಇಲ್ಲಿ ಹಂತ ಹಂತವಾಗಿ ಕೊಟ್ಟಿದ್ದೇನೆ.

ಕಥೋಲಿಕ ಓದುಗರಿಗೆ ಇದರಲ್ಲಿ ‘ಲೆಕ್ಸಿಯೊ ದಿವಿನಾ’ದ ನೆರಳು ಕಂಡೀತು. ಓದುವುದು, ಮೆಲುಕು ಹಾಕುವುದು, ಪ್ರಾರ್ಥಿಸುವುದು, ದೇವರ ಮುಂದೆ ಸುಮ್ಮನೆ ಇರುವುದು ಎಂಬ ನಾಲ್ಕು ಮೆಟ್ಟಿಲುಗಳ ಧ್ಯಾನಕ್ರಮ ಅದು. ಎರಡನೆಯ ಗೀಗೊ ಎಂಬ ಸನ್ಯಾಸಿ 12ನೇ ಶತಮಾನದಲ್ಲಿ ಅದನ್ನು ಹೀಗೆ ವಿಂಗಡಿಸಿ ಬರೆದಿಟ್ಟ. ನಾನು ಅದಕ್ಕೆ ಸೇರಿಸುತ್ತಿರುವುದು ಎರಡನ್ನು ಮಾತ್ರ: ಶುರುವಿನಲ್ಲಿ ಚಿಂತೆಯನ್ನು ಬರೆಯುವುದು, ಪ್ರಾರ್ಥನೆಯ ನಂತರ ನಮ್ಮ ಪಾಲಿನ ಕೆಲಸವನ್ನು ಬರೆಯುವುದು.

ಬೇಕಾಗುವುದು ಏನು?

ಅಚ್ಚಾದ ಬೈಬಲ್ ಒಂದು. ಮೊಬೈಲ್ ಆ್ಯಪ್ ಕೂಡದೆಂದಲ್ಲ, ಆದರೆ ಅದೇ ಪರದೆಯ ಮೇಲೆ ಕಚೇರಿಯ ಸಂದೇಶವೂ ಬಂದಿಳಿಯುತ್ತದೆ. ಪ್ರೊಟೆಸ್ಟೆಂಟ್ ಮನೆಗಳಲ್ಲಿ ಇರುವುದು 66 ಪುಸ್ತಕಗಳ ಸತ್ಯವೇದ, ಕಥೋಲಿಕರದು 73 ಪುಸ್ತಕಗಳ ಬೈಬಲ್. ಇಲ್ಲಿ ಸೂಚಿಸಿರುವ ಭಾಗಗಳೆಲ್ಲ ಎರಡರಲ್ಲೂ ಇವೆ. ದೇವರನ್ನು ಒಂದರಲ್ಲಿ ಯೆಹೋವ ಎಂದಿರುವ ಕಡೆ ಇನ್ನೊಂದರಲ್ಲಿ ಸರ್ವೇಶ್ವರ ಎಂದಿದ್ದರೆ ಗಲಿಬಿಲಿಯಾಗಬೇಡಿ. ಕನ್ನಡ ಪ್ರತಿ ಇಲ್ಲದವರು ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯಲ್ಲಿರುವ ಬೈಬಲ್ ಸೊಸೈಟಿ ಆಫ್ ಇಂಡಿಯಾದಲ್ಲಿ ವಿಚಾರಿಸಬಹುದು. ಬೆಂಗಳೂರಿನಲ್ಲಿ ಮನೆಯಲ್ಲೊಂದು ಭಾಷೆ, ಶಾಲೆಯಲ್ಲೊಂದು, ಚರ್ಚಿನಲ್ಲಿ ಮತ್ತೊಂದು ಇರುವುದು ಸಾಮಾನ್ಯ. ಸಿಟ್ಟು ಬಂದಾಗ, ಅಳು ಬಂದಾಗ ನಿಮ್ಮ ಬಾಯಿಗೆ ಯಾವ ಭಾಷೆ ಬರುತ್ತದೋ ಆ ಭಾಷೆಯ ಬೈಬಲ್ ಇಟ್ಟುಕೊಳ್ಳಿ.

ಒಂದು ನೋಟ್‌ಬುಕ್, ಪೆನ್ನು. ಇನ್ನು ಜಾಗ. ಒಂದೇ ಕೋಣೆಯ ಮನೆಯಲ್ಲಿ, ನಾಲ್ವರು ಹಂಚಿಕೊಂಡ ಪಿಜಿ ಕೋಣೆಯಲ್ಲಿ ಏಕಾಂತ ಎಲ್ಲಿಂದ ತರುವುದು ಎಂದು ಕೇಳುವವರಿದ್ದಾರೆ, ನ್ಯಾಯವಾದ ಪ್ರಶ್ನೆಯೇ. ಬರೆಯುವ ಹಂತಗಳನ್ನು ಎಲ್ಲರೂ ಮಲಗಿದ ಮೇಲೆ ಮುಗಿಸಿಕೊಳ್ಳಿ, ಓದುವುದನ್ನು ಮೆಟ್ರೊದಲ್ಲೋ ಕಚೇರಿಯ ಕ್ಯಾಬ್‌ನಲ್ಲೋ ಮಾಡಿ. ವೈಟ್‌ಫೀಲ್ಡ್ ಕಡೆ ಹೋಗುವವರಿಗೆ ಕೀರ್ತನೆಗಳನ್ನು ಓದಲು ಸಮಯದ ಕೊರತೆಯಂತೂ ಇಲ್ಲ. ಶಿವಾಜಿನಗರದ ಸಂತ ಮರಿಯಮ್ಮನವರ ಬೆಸಿಲಿಕಾದಂಥ ಕಡೆ ವಾರದ ನಡುವೆಯೂ ಅರ್ಧ ಗಂಟೆ ಸುಮ್ಮನೆ ಕುಳಿತು ಬರಬಹುದು.

ಹಂತ 1: ಚಿಂತೆಯನ್ನು ಒಂದು ವಾಕ್ಯದಲ್ಲಿ ಬರೆಯಿರಿ

‘ಟೆನ್ಶನ್’ ಎಂದು ಬರೆದರೆ ಸಾಲದು. ಏನು, ಯಾವಾಗ, ಎಷ್ಟು ಎಂಬುದು ವಾಕ್ಯದಲ್ಲಿ ಇರಬೇಕು. ಉದಾಹರಣೆಗೆ: “ಮೇ ತಿಂಗಳೊಳಗೆ ಮನೆ ಬದಲಿಸಬೇಕು, ಹೊಸ ಮನೆಯ ಅಡ್ವಾನ್ಸ್‌ಗೆ ಒಂದೂವರೆ ಲಕ್ಷ ಕಡಿಮೆ ಬೀಳುತ್ತಿದೆ.” ಅಥವಾ: “ಅಮ್ಮನ ಬಯಾಪ್ಸಿ ವರದಿ ಗುರುವಾರ ಬರುತ್ತದೆ.” ಒಂದು ದಿನಕ್ಕೆ ಒಂದೇ ಚಿಂತೆ ಸಾಕು.

ಎರಡನೇ ಅರಸುಗಳ ಪುಸ್ತಕದ 19ನೇ ಅಧ್ಯಾಯ ಇದಕ್ಕೆ ಒಳ್ಳೆಯ ಮಾದರಿ. ಅಸ್ಸೀರಿಯದ ದೊರೆ ಸನ್ಹೇರೀಬನಿಂದ ಬಂದ ಬೆದರಿಕೆ ಪತ್ರವನ್ನು ಓದಿದ ಹಿಜ್ಕೀಯ ಅರಸ ಅದನ್ನು ದೇವಾಲಯಕ್ಕೆ ಒಯ್ದು ದೇವರ ಮುಂದೆ ಬಿಚ್ಚಿಡುತ್ತಾನೆ. ಪತ್ರದಲ್ಲಿ ಬರೆದದ್ದು ಸುಳ್ಳೆಂದು ಅವನು ವಾದಿಸುವುದಿಲ್ಲ. ಅಸ್ಸೀರಿಯದ ರಾಜರು ಬೇರೆ ರಾಷ್ಟ್ರಗಳನ್ನು ನಾಶ ಮಾಡಿರುವುದು ನಿಜ ಎಂದು ಪ್ರಾರ್ಥನೆಯಲ್ಲೇ ಒಪ್ಪಿಕೊಳ್ಳುತ್ತಾನೆ. ನೀವೂ ಆಸ್ಪತ್ರೆಯ ಬಿಲ್ಲನ್ನೋ ನೋಟಿಸನ್ನೋ ಬೈಬಲ್ ಪಕ್ಕದಲ್ಲಿ ಬಿಚ್ಚಿಟ್ಟು ಕುಳಿತುಕೊಳ್ಳಿ.

ಇಲ್ಲಿ ಎಡವುವುದು ಹೀಗೆ: ಮೊದಲ ಸಾಲಿನಲ್ಲೇ “ದೇವರ ಚಿತ್ತದಂತೆ ಆಗಲಿ” ಎಂದು ಬರೆದು ಪುಸ್ತಕ ಮುಚ್ಚುವುದು. ಗೆತ್ಸೇಮನೆ ತೋಟದಲ್ಲಿ ಯೇಸುವೇ ಮೊದಲು ಈ ಪಾತ್ರೆಯನ್ನು ನನ್ನಿಂದ ತೊಲಗಿಸು ಎಂದು ಕೇಳಿಕೊಂಡರು, ಚಿತ್ತದ ಮಾತು ಆಮೇಲೆ ಬಂತು. ಕೇಳುವ ಮೊದಲೇ ಒಪ್ಪಿಸಿಬಿಟ್ಟೆ ಎನ್ನುವವರು ಎಷ್ಟೋ ಸಲ ಏನನ್ನೂ ಒಪ್ಪಿಸಿರುವುದಿಲ್ಲ.

ಹಂತ 2: ಚಿಂತೆಗೆ ತಕ್ಕ ಭಾಗವನ್ನು ಆರಿಸಿ

ಕಣ್ಣು ಮುಚ್ಚಿ ಪುಟ ತೆರೆದು ಬೆರಳಿಟ್ಟ ಕಡೆ ಓದುವುದು ಬೇಡ. ಶುರು ಮಾಡುವವರಿಗೆ ಈ ಪಟ್ಟಿ ಕೆಲವು ವಾರಗಳಿಗೆ ಸಾಕಾಗುತ್ತದೆ:

• ಹಣ, ಬಾಡಿಗೆ, ಸಾಲ: ಮತ್ತಾಯ 6:24–34, ವಿಮೋಚನಕಾಂಡ 16.
• ಕೆಲಸ ಹೋಗುವ ಭಯ, ಊರು ಬಿಟ್ಟು ಬಂದ ಒಂಟಿತನ: ಯೆರೆಮೀಯ 29:1–14, ಕೀರ್ತನೆ 121.
• ಕಾಯಿಲೆ, ವರದಿಗಾಗಿ ಕಾಯುವುದು: ಕೀರ್ತನೆ 13, ಮಾರ್ಕ 9:14–29.
• ನಿದ್ದೆ ಬಾರದ ರಾತ್ರಿ, ಮುಗಿಯದ ಕೆಲಸ: ಕೀರ್ತನೆ 127, ಕೀರ್ತನೆ 131.
• ಅನ್ಯಾಯ ಮಾಡಿದವರೇ ಚೆನ್ನಾಗಿರುವುದನ್ನು ಕಂಡ ಹೊಟ್ಟೆಯುರಿ: ಕೀರ್ತನೆ 37 ಅಥವಾ 73.
• ಬಳಲಿಕೆ, ಯಾವುದೂ ಬೇಡವೆನಿಸುವುದು: ಒಂದನೇ ಅರಸುಗಳು 19.

ಕೊನೆಯದರ ಬಗ್ಗೆ ಒಂದು ಮಾತು. ಸಾಕು, ನನ್ನ ಪ್ರಾಣ ತೆಗೆದುಬಿಡು ಎಂದು ಮರದ ಕೆಳಗೆ ಮಲಗಿದ ಪ್ರವಾದಿ ಎಲೀಯನಿಗೆ ದೇವದೂತ ಉಪದೇಶ ಮಾಡಲಿಲ್ಲ. ಎದ್ದು ಊಟಮಾಡು ಎಂದ. ತಿಂದು ಕುಡಿದು ಅವನು ಮತ್ತೆ ಮಲಗಿದ, ದೂತ ಎರಡನೇ ಸಲವೂ ಊಟಕ್ಕೆ ಎಬ್ಬಿಸಿದ. ರಾತ್ರಿ ಪಾಳಿಯ ಕೆಲಸ ಮಾಡಿ ಬೆಳಗಿನ ಐದಕ್ಕೆ ಪ್ರಾರ್ಥನೆಗೆ ಏಳಲು ಹೆಣಗುವವರು ಈ ಅಧ್ಯಾಯವನ್ನು ನಿಧಾನವಾಗಿ ಓದಬೇಕು.

ಹಂತ 3: ಇಡೀ ಭಾಗವನ್ನು ಓದಿ, ಒಂಟಿ ವಚನವನ್ನಲ್ಲ

ಹೆಚ್ಚು ಜನ ದಾರಿ ತಪ್ಪುವುದು ಇಲ್ಲಿಯೇ, ಹಾಗಾಗಿ ಸ್ವಲ್ಪ ನಿಲ್ಲುತ್ತೇನೆ. ಬೈಬಲ್ ಬರೆದವರು ವಚನ ಸಂಖ್ಯೆ ಹಾಕಿ ಬರೆದವರಲ್ಲ. ಈಗ ನಾವು ಬಳಸುವ ಅಧ್ಯಾಯಗಳ ವಿಭಾಗ ಬಂದದ್ದು 13ನೇ ಶತಮಾನದಲ್ಲಿ. ಹೊಸ ಒಡಂಬಡಿಕೆಯ ವಚನಗಳಿಗೆ ಇಂದಿನ ಸಂಖ್ಯೆಗಳನ್ನು ಹಾಕಿದ್ದು ಮುದ್ರಕ ರಾಬೆರ್ ಎತಿಯೆನ್, 1551ರಲ್ಲಿ. ಹುಡುಕಲು ಅನುಕೂಲವಾಗಲೆಂದು ಹಾಕಿದ ಸಂಖ್ಯೆಗಳನ್ನು ನಾವು ಬೇಲಿ ಮಾಡಿಕೊಂಡಿದ್ದೇವೆ.

ಭಾಗವನ್ನು ಒಮ್ಮೆ ಮನಸ್ಸಿನಲ್ಲಿ, ಒಮ್ಮೆ ತುಟಿ ಆಡಿಸಿ ಓದಿ. ಬಳಿಕ ಇದೇ ಕ್ರಮದಲ್ಲಿ ಕೇಳಿಕೊಳ್ಳಿ: ಇದನ್ನು ಯಾರು ಯಾರಿಗೆ, ಯಾವ ಪರಿಸ್ಥಿತಿಯಲ್ಲಿ ಹೇಳಿದರು? ಇದರ ಹಿಂದೆ ಮುಂದೆ ಏನಿದೆ? ದೇವರು ಎಂಥವನೆಂದು ಇದು ತೋರಿಸುತ್ತದೆ? ಇಷ್ಟಾದ ಮೇಲೆ, ನನ್ನ ಚಿಂತೆಗೆ ಇದು ಏನು ಹೇಳುತ್ತದೆ? ಕೊನೆಯ ಪ್ರಶ್ನೆಯನ್ನು ಮೊದಲು ಕೇಳಿದರೆ ನಮಗೆ ಬೇಕಾದ ಉತ್ತರವೇ ಸಿಗುತ್ತದೆ.

ಯೆರೆಮೀಯ 29:11ನ್ನೇ ನೋಡಿ. ದೇವರು ನಮಗಾಗಿ ಮಾಡಿಕೊಂಡಿರುವ ಆಲೋಚನೆಗಳು ಕೇಡಿಗಲ್ಲ, ಹಿತಕ್ಕೆ ಎನ್ನುವ ಈ ವಚನ ನಮ್ಮ ಕ್ಯಾಲೆಂಡರಿನಲ್ಲಿದೆ, ಮದುವೆಯ ಆಮಂತ್ರಣದಲ್ಲಿದೆ, ಕಾರಿನ ಹಿಂದಿನ ಗಾಜಿನ ಮೇಲಿದೆ. ಬಡ್ತಿ ಸಿಗುತ್ತದೆ, ವೀಸಾ ಬರುತ್ತದೆ ಎಂಬುದಕ್ಕೆ ಇದನ್ನು ಮುದ್ರೆಯಂತೆ ಒತ್ತುತ್ತೇವೆ. ಇದು ಒಂದು ಪತ್ರದ ನಡುವಿನ ಸಾಲು. ಕ್ರಿ.ಪೂ. 597ರಲ್ಲಿ ಬಾಬಿಲೋನಿನ ಅರಸ ನೆಬೂಕದ್ನೆಚ್ಚರನ ಸೈನ್ಯ ಯೆರೂಸಲೇಮಿನಿಂದ ಬಾಬಿಲೋನಿಗೆ ಒಯ್ದ ಸೆರೆಯವರಿಗೆ ಪ್ರವಾದಿ ಬರೆದ ಪತ್ರ ಅದು. ಹಿಂದಿನ ಅಧ್ಯಾಯ ತೆಗೆದರೆ ಹನನ್ಯ ಎಂಬ ಪ್ರವಾದಿ ಸಿಗುತ್ತಾನೆ. ಎರಡೇ ವರ್ಷದಲ್ಲಿ ಎಲ್ಲರೂ ಊರಿಗೆ ಮರಳುತ್ತಾರೆ ಎಂದು ಅವನು ಭರವಸೆ ಕೊಡುತ್ತಾನೆ. ಯೆರೆಮೀಯ ಅದನ್ನು ಸುಳ್ಳು ಎನ್ನುತ್ತಾನೆ. 11ನೇ ವಚನಕ್ಕೆ ಸ್ವಲ್ಪವೇ ಮೇಲೆ, 10ನೇ ವಚನದಲ್ಲಿ, ಎಪ್ಪತ್ತು ವರ್ಷ ಎಂದಿದೆ. ಅಂದರೆ ಪತ್ರ ಕೇಳಿಸಿಕೊಂಡ ನಡುವಯಸ್ಸಿನವರು ಯಾರೂ ಊರನ್ನು ಮತ್ತೆ ಕಾಣಲಾರರು. ಅವರಿಗೆ ಹೇಳಿದ್ದೇನು? ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಮಕ್ಕಳಿಗೆ ಮದುವೆ ಮಾಡಿ, ನೀವು ಸೆರೆಯಾಗಿ ಬಂದ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿ.

ಕೋಲಾರದಿಂದಲೋ ಚಾಮರಾಜನಗರದಿಂದಲೋ ಬಂದು, ಇನ್ನೆರಡು ವರ್ಷ ಅಷ್ಟೇ ಎಂದುಕೊಳ್ಳುತ್ತಾ ಹದಿನೈದು ವರ್ಷ ಬಾಡಿಗೆ ಮನೆಯಲ್ಲಿ ಕಳೆದವರಿಗೆ ಈ ಪತ್ರ ಬಡ್ತಿಗಿಂತ ದೊಡ್ಡದನ್ನು ಕೊಡುತ್ತದೆ. ತಾತ್ಕಾಲಿಕವೆಂದು ನೀವು ಭಾವಿಸಿದ ಜಾಗದಲ್ಲೂ ದೇವರು ನಿಮ್ಮನ್ನು ಕೈಬಿಟ್ಟಿಲ್ಲ, ಆದ್ದರಿಂದ ಇಲ್ಲಿಯೇ ಬೇರು ಬಿಡಿ ಎನ್ನುತ್ತದೆ. ನೆರೆಮನೆಯವರ ಪರಿಚಯ ಮಾಡಿಕೊಳ್ಳುವುದು, ಬಡಾವಣೆಯ ನೀರಿನ ಸಮಸ್ಯೆಗೆ ನಾಲ್ಕು ಜನರ ಜೊತೆ ನಿಲ್ಲುವುದು ಕೂಡ ಭರವಸೆಯ ಕೆಲಸವಾಗುತ್ತದೆ. ಹೀಗೆ ಓದಿಕೊಂಡ ವಚನ ಬಡ್ತಿ ಕೈತಪ್ಪಿದ ದಿನ ಕೈಕೊಡುವುದಿಲ್ಲ.

ಇದೇ ರೀತಿ, ನನ್ನನ್ನು ಬಲಪಡಿಸುವವನಲ್ಲಿ ಎಲ್ಲಕ್ಕೂ ಶಕ್ತನಾಗಿದ್ದೇನೆ ಎನ್ನುವ ಫಿಲಿಪ್ಪಿ 4:13ನ್ನು ಪರೀಕ್ಷೆಯ ಹಾಲ್ ಟಿಕೆಟ್ ಮೇಲೆ ಬರೆಯುವ ಮುಂಚೆ ಅದರ ಹಿಂದಿನ ಎರಡು ವಚನಗಳನ್ನು ಓದಿ. ಹೊಟ್ಟೆ ತುಂಬಿದಾಗಲೂ ಹಸಿದಾಗಲೂ ಹೇಗಿರಬೇಕೆಂದು ಕಲಿತವನ ಮಾತು ಅದು.

ಹಂತ 4: ಓದಿದ್ದನ್ನು ಪ್ರಾರ್ಥನೆಯಾಗಿಸಿ, ದೂರನ್ನೂ ಸೇರಿಸಿ

ಪ್ರಲಾಪ ಕೀರ್ತನೆ ಎಂಬ ಮಾತನ್ನು ನೀವು ಕೇಳಿರಬಹುದು. ದೇವರ ಎದುರಿನಲ್ಲೇ ಅಳಲು, ಆಕ್ಷೇಪಗಳನ್ನು ತೋಡಿಕೊಳ್ಳುವ ಕೀರ್ತನೆಗಳಿಗೆ ಆ ಹೆಸರು. 150 ಕೀರ್ತನೆಗಳಲ್ಲಿ ಇಂಥವು ಬಹಳಷ್ಟಿವೆ. ನಾವು ಹಾಡುವ ಹಾಡುಗಳಲ್ಲಿ ಮಾತ್ರ ಅಪರೂಪ.

ಕೀರ್ತನೆ 13 ಆರೇ ವಚನಗಳದ್ದು, ಮಾದರಿಗೆ ಅನುಕೂಲ. ಮೊದಲೆರಡು ವಚನಗಳಲ್ಲಿ ‘ಇನ್ನೆಷ್ಟು ಕಾಲ’ ಎಂಬ ಪ್ರಶ್ನೆ ನಾಲ್ಕು ಸಲ ಬರುತ್ತದೆ. ಮುಂದಿನ ಎರಡರಲ್ಲಿ ಬೇಡಿಕೆ: ನನ್ನನ್ನು ನೋಡು, ಉತ್ತರ ಕೊಡು. ಕೊನೆಯ ಎರಡರಲ್ಲಿ, ನಿನ್ನ ಪ್ರೀತಿಯಲ್ಲಿ ಭರವಸೆ ಇಟ್ಟಿದ್ದೇನೆ ಎಂಬ ನಿರ್ಧಾರ. ನಡುವೆ ಶತ್ರು ಸೋತನೆಂದಾಗಲಿ, ಕಾಯಿಲೆ ವಾಸಿಯಾಯಿತೆಂದಾಗಲಿ ಎಲ್ಲೂ ಹೇಳಿಲ್ಲ. ನಿಮ್ಮ ನೋಟ್‌ಬುಕ್‌ನಲ್ಲಿ ಇದೇ ಅಚ್ಚಿನಲ್ಲಿ ಬರೆಯಿರಿ: ನಾಲ್ಕು ‘ಇನ್ನೆಷ್ಟು ಕಾಲ’ಗಳು, ಒಂದು ಬೇಡಿಕೆ, ಒಂದು ಭರವಸೆಯ ವಾಕ್ಯ. ಕೊನೆಯದನ್ನು ಬರೆಯಲು ಕೈ ಬಾರದಿದ್ದರೆ ಬಿಡಿ. ಕೀರ್ತನೆ 88 ಕತ್ತಲೆಯಲ್ಲೇ ಮುಗಿಯುತ್ತದೆ. ಅದನ್ನೂ ಪ್ರಾರ್ಥನೆಯೆಂದೇ ಬೈಬಲ್‌ನಲ್ಲಿ ಉಳಿಸಿಕೊಳ್ಳಲಾಗಿದೆ. ಮಾರ್ಕ 9ರಲ್ಲಿ ಕಾಯಿಲೆಯ ಮಗನ ತಂದೆ, ನಂಬುತ್ತೇನೆ, ನನ್ನ ಅಪನಂಬಿಕೆಗೆ ಸಹಾಯ ಮಾಡು ಎನ್ನುತ್ತಾನೆ. ಆ ಅರೆಬರೆ ನಂಬಿಕೆಗೂ ಯೇಸು ಉತ್ತರ ಕೊಟ್ಟರು.

ಬರೆದು ಮುಗಿದ ಮೇಲೆ ಎರಡು ಮೂರು ನಿಮಿಷ ಏನೂ ಮಾತನಾಡದೆ ಇರಿ. ಮನಸ್ಸು ಓಡಿದರೆ ಭಾಗದಿಂದ ಒಂದು ಪದವನ್ನು ಹಿಡಿದುಕೊಂಡು ಮರಳಿ ಬನ್ನಿ.

ಹಂತ 5: ಪುಟವನ್ನು ಎರಡು ಭಾಗ ಮಾಡಿ

ದೇವರ ಮೇಲೆ ಭಾರ ಹಾಕುವುದೆಂದರೆ ಕೈಕಟ್ಟಿ ಕೂರುವುದೆಂದು ತಿಳಿದವರಿಗಾಗಿ ನೆಹೆಮೀಯನ ಪುಸ್ತಕ ಇದೆ. ಯೆರೂಸಲೇಮಿನ ಗೋಡೆ ಕಟ್ಟುವಾಗ ದಾಳಿಯ ಸುದ್ದಿ ಬಂತು. 4:9ರ ಪ್ರಕಾರ ನೆಹೆಮೀಯನೂ ಜೊತೆಗಿದ್ದವರೂ ಪ್ರಾರ್ಥಿಸಿದರು, ಹಗಲೂ ರಾತ್ರಿಯೂ ಕಾವಲನ್ನೂ ಇಟ್ಟರು. ಅದಕ್ಕೂ ಮುಂಚೆ ಎರಡನೇ ಅಧ್ಯಾಯದಲ್ಲಿ ನೆಹೆಮೀಯ ಪರ್ಷಿಯದ ಅರಸನ ಮುಂದೆ ನಿಂತಲ್ಲೇ ಮನಸ್ಸಿನಲ್ಲಿ ಪ್ರಾರ್ಥಿಸಿ, ಮರುಕ್ಷಣವೇ ಪ್ರಯಾಣಕ್ಕೆ ಪತ್ರ, ಮರಮುಟ್ಟಿಗೆ ಪತ್ರ ಎಂದು ಬೇಕಾದುದನ್ನೆಲ್ಲ ಪಟ್ಟಿ ಮಾಡಿ ಕೇಳುತ್ತಾನೆ.

ಪುಟದ ನಡುವೆ ಗೆರೆ ಎಳೆಯಿರಿ. ಎಡಕ್ಕೆ ‘ನನ್ನ ಪಾಲು’, ಬಲಕ್ಕೆ ‘ದೇವರ ಪಾಲು’. ಮನೆ ಬದಲಿಸುವ ಚಿಂತೆಯಾದರೆ ಎಡಕ್ಕೆ: ಮಾಲೀಕರಲ್ಲಿ ಒಂದು ತಿಂಗಳು ಹೆಚ್ಚು ಕೇಳುವುದು, ಭವಿಷ್ಯನಿಧಿಯಿಂದ ಎಷ್ಟು ತೆಗೆಯಬಹುದೆಂದು ತಿಳಿದುಕೊಳ್ಳುವುದು, ಮೆಟ್ರೊ ಮಾರ್ಗದ ಕೊನೆಯ ನಿಲ್ದಾಣಗಳ ಕಡೆಗೂ ಮನೆ ನೋಡುವುದು, ಮುಜುಗರ ಬಿಟ್ಟು ಅಣ್ಣನಿಗೆ ಫೋನ್ ಮಾಡುವುದು. ಬಲಕ್ಕೆ: ಮಾಲೀಕರ ಮನಸ್ಸು, ಯಾವ ಮನೆ ಯಾವಾಗ ಖಾಲಿಯಾಗುತ್ತದೆ ಎಂಬುದು, ಅಲ್ಲಿಯ ತನಕ ಮನೆಯವರ ನೆಮ್ಮದಿ. ಎಡಗಡೆಯ ಒಂದು ಕೆಲಸಕ್ಕೆ ಅಡಿಗೆರೆ ಎಳೆದು ಅದೇ ದಿನ ಮಾಡಿ. ಬಲಗಡೆಯದನ್ನು ಗಟ್ಟಿಯಾಗಿ ಓದಿ ದೇವರಿಗೆ ಒಪ್ಪಿಸಿ.

“ಸ್ವಬುದ್ಧಿಯನ್ನೇ ಆಧಾರ ಮಾಡಿಕೊಳ್ಳಬಾರದು ಎಂದು ಜ್ಞಾನೋಕ್ತಿ 3:5ರಲ್ಲಿ ಇದೆಯಲ್ಲ?” ಎಂದು ಕೇಳುತ್ತಾರೆ. ಇದೆ. ಅದೇ ಪುಸ್ತಕದ ಆರನೇ ಅಧ್ಯಾಯ ಸೋಮಾರಿಯನ್ನು ಇರುವೆಯ ಹತ್ತಿರ ಪಾಠಕ್ಕೆ ಕಳುಹಿಸುತ್ತದೆ, 15:22 ಸಲಹೆಗಾರರನ್ನು ಕೇಳಿ ಎನ್ನುತ್ತದೆ. ಬುದ್ಧಿಯನ್ನು ಬಳಸಬೇಡಿ ಎಂದು ಅದು ಎಲ್ಲಿಯೂ ಹೇಳಿಲ್ಲ.

ಹಂತ 6: ಒಂದು ಸಾಲನ್ನು ದಿನಕ್ಕೆ ಹೊತ್ತೊಯ್ಯಿರಿ

ಭಾಗದ ಒಂದು ಸಾಲನ್ನು ಬಾಯಿಪಾಠ ಮಾಡಿಕೊಳ್ಳಿ. ಸಿಗ್ನಲ್‌ನಲ್ಲಿ ನಿಂತಾಗ, ಕರೆ ತೆಗೆಯುವ ಮುಂಚೆ, ವೈದ್ಯರ ಕೋಣೆಯ ಹೊರಗೆ ಅದನ್ನು ಹೇಳಿಕೊಳ್ಳಿ. ರಾತ್ರಿ ಮಲಗುವ ಮುಂಚೆ ಒಂದೇ ಪ್ರಶ್ನೆ: ಇವತ್ತಿಗೆ ಬೇಕಾದಷ್ಟು ಸಿಕ್ಕಿತೇ? ಅರಣ್ಯದಲ್ಲಿ ಇಸ್ರಾಯೇಲ್ಯರಿಗೆ ದೇವರು ಕೊಟ್ಟ ಆಹಾರವಾದ ಮನ್ನ ಸಿಕ್ಕಿದ್ದು ದಿನದ ಲೆಕ್ಕದಲ್ಲಿ, ನಾಳೆಗೆಂದು ಬಚ್ಚಿಟ್ಟದ್ದು ಹುಳ ಬಿತ್ತು. ಆರನೇ ದಿನ ಮಾತ್ರ ಎರಡು ಪಾಲು ಕೂಡಿಸಲು ಅಪ್ಪಣೆಯಿತ್ತು, ಅದು ಕೆಡಲಿಲ್ಲ. ಆದ್ದರಿಂದ ಉಳಿತಾಯ ಖಾತೆಯೇ ಪಾಪವೆಂದು ಯಾರೂ ಇದರಿಂದ ಅರ್ಥ ಮಾಡಿಕೊಳ್ಳಬೇಕಿಲ್ಲ.

ನಾಲ್ಕು ಎಚ್ಚರಿಕೆಗಳು

ವಾಗ್ದಾನದ ಚೀಟಿ. ವಾಗ್ದಾನವೆಂದರೆ ದೇವರು ಕೊಟ್ಟ ಮಾತು. ಡಿಸೆಂಬರ್ 31ರ ರಾತ್ರಿ ಹಲವು ಸಭೆಗಳಲ್ಲಿ ವಚನ ಬರೆದ ಚೀಟಿಯನ್ನು ಎತ್ತಿಕೊಳ್ಳುವ ರೂಢಿಯಿದೆ. ಪ್ರೀತಿಯ ರೂಢಿ, ನನಗೂ ಇಷ್ಟ. ಆದರೆ ಅದನ್ನು ವರ್ಷಭವಿಷ್ಯದಂತೆ ಓದಿದರೆ ಗಿಳಿಶಾಸ್ತ್ರಕ್ಕೂ ಅದಕ್ಕೂ ವ್ಯತ್ಯಾಸ ಉಳಿಯುವುದಿಲ್ಲ. ಚೀಟಿಯ ವಚನ ಯಾವ ಅಧ್ಯಾಯದ್ದೋ ಆ ಅಧ್ಯಾಯವನ್ನು ಜನವರಿ ಒಂದರಂದೇ ಪೂರ್ತಿ ಓದಿ.

ದೇವರನ್ನು ಪರೀಕ್ಷಿಸುವುದು. ದೇವಾಲಯದ ತುದಿಯಿಂದ ಧುಮುಕು, ದೂತರು ಹಿಡಿಯುತ್ತಾರೆ ಎಂದು ಸೈತಾನ ಯೇಸುವಿಗೆ ಹೇಳಿದ್ದು ಕೀರ್ತನೆ 91ರ ವಚನವನ್ನೇ ಹಿಡಿದು. ಮತ್ತಾಯ 4ರಲ್ಲಿ ಇದೆ. ಹೆಲ್ಮೆಟ್ ಇಲ್ಲದೆ ಹೊರವರ್ತುಲ ರಸ್ತೆಗೆ ಇಳಿಯುವುದು, ವಿಮೆ ಮಾಡಿಸದೆ ‘ಯೇಸು ನೋಡಿಕೊಳ್ಳುತ್ತಾರೆ’ ಎನ್ನುವುದು ಆ ಧುಮುಕುವಿಕೆಯ ಜಾತಿಗೇ ಸೇರಿದ್ದು.

ಔಷಧಿ ನಿಲ್ಲಿಸುವುದು. ಇದನ್ನು ಖಡಾಖಂಡಿತವಾಗಿ ಹೇಳುತ್ತೇನೆ: ನಂಬಿಕೆಯ ಹೆಸರಿನಲ್ಲಿ ಸಕ್ಕರೆ ಕಾಯಿಲೆಯ ಮಾತ್ರೆಯನ್ನಾಗಲಿ, ಮಾನಸಿಕ ಕಾಯಿಲೆಯ ಮಾತ್ರೆಯನ್ನಾಗಲಿ ನಿಲ್ಲಿಸಬೇಡಿ, ನಿಲ್ಲಿಸಿ ಎನ್ನುವವರ ಮಾತು ಕೇಳಬೇಡಿ. ವಾರಗಟ್ಟಲೆ ನಿದ್ದೆಯಿಲ್ಲ, ಊಟ ಸೇರುವುದಿಲ್ಲ, ಬದುಕೇ ಬೇಡ ಅನಿಸುತ್ತಿದೆ ಎಂದಾದರೆ ಕೀರ್ತನೆ ಓದುವುದರ ಜೊತೆಗೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲಿ ಮಾತನಾಡಬಹುದು. ನಿಮ್ಹಾನ್ಸ್ ನಮ್ಮ ಊರಿನಲ್ಲೇ ಇದೆ. ಜೊತೆಗಾರ ಲೂಕನನ್ನು ಪ್ರಿಯ ವೈದ್ಯ ಎಂದು ಕರೆದದ್ದು ಪೌಲನೇ.

ಹಣದ ಮಾತು. ಇಷ್ಟು ಕಾಣಿಕೆ ಕೊಟ್ಟರೆ ದೇವರು ಇಷ್ಟು ಪಟ್ಟು ಕೊಡುತ್ತಾನೆ, ಸಾಲ ಮಾಡಿಯಾದರೂ ಕೊಡಿ ಎನ್ನುವವರ ಹತ್ತಿರ ಸುಳಿಯಬೇಡಿ. ಅದು ವ್ಯಾಪಾರ.

ಇನ್ನೊಬ್ಬರು ಸಂಕಟದಲ್ಲಿ ಇರುವಾಗ ವಚನವನ್ನು ವಾಟ್ಸ್ಆ್ಯಪ್‌ನಲ್ಲಿ ಕಳುಹಿಸಿ ಕೈತೊಳೆದುಕೊಳ್ಳುವುದನ್ನೂ ಇಲ್ಲೇ ಸೇರಿಸಬಹುದು. ಬಟ್ಟೆಯಿಲ್ಲದವನಿಗೆ ಬೆಚ್ಚಗಿರು ಎಂದರೆ ಏನು ಬಂತು ಎಂದು ಯಾಕೋಬನ ಪತ್ರದ ಎರಡನೇ ಅಧ್ಯಾಯ ಕೇಳುತ್ತದೆ. ಆಸ್ಪತ್ರೆಗೆ ಒಂದು ಡಬ್ಬಿ ಊಟ ಒಯ್ದುಕೊಡಿ, ವಚನ ಆಮೇಲೆ.

ಹಂತ 7: ತಿಂಗಳಿಗೊಮ್ಮೆ ಹಿಂದಿನ ಪುಟಗಳನ್ನು ತೆಗೆಯಿರಿ

ಪ್ರತಿ ಚಿಂತೆಯ ಪಕ್ಕದಲ್ಲಿ ಒಂದು ಗುರುತು ಹಾಕಿ: ಪರಿಹಾರವಾದದ್ದು, ಬೇರೆ ರೀತಿಯಲ್ಲಿ ತಿರುಗಿದ್ದು, ಹಾಗೇ ಉಳಿದದ್ದು. ನಾವು ಹೆದರಿದ್ದ ಎಷ್ಟೋ ಸಂಗತಿಗಳು ನಡೆಯಲೇ ಇಲ್ಲ ಎಂಬುದು ಬರೆದಿಟ್ಟರಷ್ಟೇ ಗೊತ್ತಾಗುತ್ತದೆ. ಕೆಲವು ನಡೆದೂ ಇರುತ್ತವೆ. ಅವುಗಳ ಪಕ್ಕದಲ್ಲಿ, ಆ ದಿನಗಳಲ್ಲಿ ಯಾರು ಜೊತೆಗಿದ್ದರು, ಯಾವ ವಚನ ಹಿಡಿದು ನಿಲ್ಲಿಸಿತು ಎಂದು ಬರೆದುಕೊಳ್ಳಿ.

ಹಾಗೇ ಉಳಿದದ್ದಕ್ಕೆ ಬಲವಂತವಾಗಿ ಒಳ್ಳೆಯ ಅರ್ಥ ಹಚ್ಚಬೇಡಿ. ಪೌಲ ತನ್ನನ್ನು ಕಾಡುತ್ತಿದ್ದ, ತಾನೇ ‘ಶರೀರದ ಮುಳ್ಳು’ ಎಂದು ಕರೆದ ಸಂಕಟ ತೊಲಗಲೆಂದು ಮೂರು ಸಲ ಬೇಡಿಕೊಂಡ. ಅದು ತೊಲಗಲಿಲ್ಲ, ನನ್ನ ಕೃಪೆ ನಿನಗೆ ಸಾಕು ಎಂಬ ಉತ್ತರ ಬಂತು. ನಿಮಗೆ ಆ ಉತ್ತರವೂ ಇನ್ನೂ ಕೇಳಿಸಿರಲಿಕ್ಕಿಲ್ಲ. ಅಂಥ ಚಿಂತೆಯನ್ನು ಹೊಸ ಪುಟಕ್ಕೆ ಮತ್ತೆ ಬರೆದುಕೊಂಡು, ಓದುವ ಭಾಗವನ್ನು ಬದಲಿಸಿ ಮುಂದುವರಿಯಿರಿ. ಅದೇ ಚಿಂತೆ ಮೂರು ನಾಲ್ಕು ತಿಂಗಳ ಪುಟಗಳಲ್ಲಿ ಕಾಣಿಸಿಕೊಂಡರೆ ಅದನ್ನು ಒಬ್ಬರೇ ಹೊರುವುದು ಬೇಡ. ನಿಮ್ಮ ಸಭಾಪಾಲಕರಲ್ಲೋ, ಧರ್ಮಕೇಂದ್ರದ ಗುರುಗಳಲ್ಲೋ, ವಾರದ ಪ್ರಾರ್ಥನಾಕೂಟದಲ್ಲಿ ಮಾತು ಹೊರಗೆ ಬಿಡದ ಒಬ್ಬ ಹಿರಿಯಕ್ಕನಲ್ಲೋ ಹೇಳಿಕೊಳ್ಳಿ. ಹೋಗುವಾಗ ನೋಟ್‌ಬುಕ್ಕನ್ನೂ ಒಯ್ಯಿರಿ. ಮಾತು ಕಟ್ಟಿದಾಗ ಪುಟ ತೆರೆದು ಅವರ ಕೈಗೆ ಕೊಟ್ಟರೆ ಸಾಕು.